‘ಅಬಕಾಟ್’ ಶಬ್ದವಿಚಾರ

ಆಂಗ್ಲಭಾಷೆಯ ಹಳೆಯ ನಿಘಂಟುಗಳನ್ನು ತೆರೆದು ನೋಡಿದರೆ ಮೊದಲಿನ ಕೆಲವು ಪುಟಗಳಲ್ಲಿಯೇ ‘ಅಬಕಾಟ್’ ಎಂಬುದೊಂದು ಶಬ್ದವು ಕಣ್ಣಿಗೆ ಬೀಳುತ್ತದೆ. ಪೂರ್ವಕಾಲದಲ್ಲಿ ಇಂಗ್ಲೆಂಡಿನ ಅರಸರು ಧರಿಸುತ್ತಿದ್ದ, ಎರಡು ಕಿರೀಟಗಳ ಆಕಾರದಲ್ಲಿ ರಚಿತವಾದ ರಾಜಯೋಗ್ಯವಾದ ಟೋಪಿಯೆಂದು ಅದಕ್ಕೆ ಅರ್ಥವನ್ನು ಹೇಳಿದೆ. ಒಬ್ಬರಾದಮೇಲೊಬ್ಬರಂತೆ ಅನೇಕ ನಿಘಂಟುಕಾರರು ಇದೇ ಶಬ್ದವನ್ನು ಇದೇ ಅರ್ಥದೊಡನೆ ಸಂಗ್ರಹಿಸುತ್ತ ಬಂದರು. ಕೆಲವರು ಅದರ ಚಿತ್ರವನ್ನೂ ಬರೆಯಿಸಿ ಸೇರಿಸಿದರು. ಆಂಗ್ಲಭಾಷೆಯಿಂದ ಇತರ ಭಾಷೆಗಳಿಗೆ ಅರ್ಥ ಹೇಳುವ ನಿಘಂಟುಗಳಲ್ಲಿಯೂ ಅದಕ್ಕೆ ಸ್ಥಾನವು ದೊರೆಯಿತು. ಹೀಗಿರಲು, 1882ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ಜೇಮ್ಸ್ ಮರೆ ಎಂಬ ಪಂಡಿತರು ‘ಅಥೀನಿಯಂ’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿ, ಇಂತಹ ಶಬ್ದವು ಆಂಗ್ಲಭಾಷೆಯಲ್ಲಿ ಇಲ್ಲವೆಂದೂ ಎಂದೂ ಇರಲಿಲ್ಲವೆಂದೂ ಸಾಧಿಸಿದರು. ಇಲ್ಲದ ಶಬ್ದವು ಹೇಗೆ ಹುಟ್ಟಿತು, ಸುಮಾರು ಮೂರು ಶತಮಾನಗಳ ಕಾಲ ವಿದ್ವಾಂಸರ ಕಣ್ಣಿಗೆ ಮರೆಯಾಗಿ ಹೇಗೆ ಉಳಿಯಿತು, ಶಬ್ದದ ಪ್ರಾಮಾಣ್ಯವು ವಸ್ತುತಃ ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಈ ವೃತ್ತಾಂತವು ಉತ್ತರವನ್ನು ಕೊಡುತ್ತದೆ.

ಮೂಲದಲ್ಲಿದ್ದ ಶಬ್ದವು ‘ಬೈಕಾಕೆಟ್’. ಇದು ಹಳೆಯ ಫ್ರೆಂಚ್ ಭಾಷೆಯ ‘ಬಿಕೊಕೆ’ ಎಂಬುದರಿಂದ ಬಂದುದು. ಹಿಂದೆಯೂ ಮುಂದೆಯೂ ಚೂಪಾಗಿ ಚಾಚಿಕೊಂಡಿರುವ ಒಂದು ಬಗೆಯ ಟೋಪಿಗೆ ಈ ಹೆಸರಿತ್ತು. 15ನೆಯ ಶತಮಾನದಲ್ಲಿ ಇದು ರೂಢಿಯಲ್ಲಿದ್ದಿತು. ರಾಬಿನ್ ಹುಡ್ ಎಂಬ ಕಥಾನಾಯಕನನ್ನು ಚಿತ್ರಿಸುವಾಗ ಅವನ ತಲೆಯ ಮೇಲೆ ಮುಂದಕ್ಕೆ ಚಾಚಿದ ಕೊಕ್ಕಿನಂತಹ ಅಂಚುಳ್ಳ ಟೋಪಿಯನ್ನು ಇಡುವುದುಂಟಷ್ಟೆ. ಅದು ಈ ಜಾತಿಗೆ ಸೇರಿದುದೇ. ಅರಸನೂ ಇದನ್ನು ಧರಿಸಬಹುದಾಗಿತ್ತು, ಬೇಟೆಗಾರನೂ ಧರಿಸಬಹುದಾಗಿತ್ತು. ಶಬ್ದದ ಅರ್ಥದಲ್ಲಿ ಕಿರೀಟದ ಪ್ರಸಂಗವೇ ಇರಲಿಲ್ಲ.

ಕಿರೀಟವು ಬಂದುದು ಒಂದು ಯುದ್ಧದ ಕಥೆಯಿಂದ. ಇಂಗ್ಲೆಂಡಿನಲ್ಲಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಎಂಬ ಎರಡು ರಾಜವಂಶಗಳಿಗೆ ಸಿಂಹಾಸನಕ್ಕಾಗಿ ನಡೆದ ಕಲಹಗಳಲ್ಲಿ, 1464ನೆಯ ಇಸವಿಯ ಮೇ ತಿಂಗಳ ಹೆಕ್ಸಂ ಯುದ್ಧವು ಒಂದು. ಅದರಲ್ಲಿ ಲ್ಯಾಂಕಾಸ್ಟರ್ ಪಕ್ಷವು ಸೋತಿತು. ಆರನೆಯ ಹೆನ್ರಿಯು ತಪ್ಪಿಸಿಕೊಂಡು ಓಡಿಹೋದನು. ಅವನ ಟೋಪಿಯು ಮಾತ್ರ ವೈರಿಗಳ ಕೈಗೆ ಸಿಕ್ಕಿತೆಂದೂ, ಎರಡು ಕಿರೀಟಗಳಿಂದ ಅಲಂಕೃತವಾಗಿದ್ದ ಅದನ್ನು ಯಾರ್ಕ್ ನಗರದಲ್ಲಿ ನಾಲ್ಕನೆಯ ಎಡ್ವರ್ಡನಿಗೆ ಒಪ್ಪಿಸಲಾಯಿತೆಂದೂ ಚರಿತ್ರಕಾರರು ಬರೆದಿದ್ದಾರೆ. ಆ ಟೋಪಿಯು ‘ಬಿಕಾಕೆಟ್’ ಜಾತಿಯದು. ಎಡ್ವರ್ಡ್ ಹಾಲ್ ಎಂಬವನು ಈ ಎರಡು ವಂಶಗಳ ಚರಿತ್ರೆಯನ್ನು ಬರೆದು 1547ರಲ್ಲಿ ಕಾಲವಾದನು. ಗ್ರಂಥವನ್ನು ರಿಚರ್ಡ್ ಗ್ರಾಫ್ಟನ್ ಎಂಬ ಮುದ್ರಕನು ಮರುವರ್ಷ ಅಚ್ಚುಹಾಕಿದನು. ಪ್ರಮಾದವು ಮೊಳೆತುದು ಇಲ್ಲಿ.

ಆಂಗ್ಲಭಾಷೆಯಲ್ಲಿ ‘ಒಂದು’ ಎಂಬ ಅರ್ಥವನ್ನು ಕೊಡುವ ‘ಎ’ ಎಂಬ ಒಂದೇ ಅಕ್ಷರದ ಶಬ್ದವು ನಾಮಪದದ ಹಿಂದೆ ಬರುತ್ತದೆ. ನಾಮಪದವು ಸ್ವರಾದಿಯಾದರೆ ಅದು ‘ಆನ್’ ಎಂಬ ರೂಪವನ್ನು ತಾಳುತ್ತದೆ. ಬರವಣಿಗೆಯಲ್ಲಿ ‘ಎ ಬಿಕಾಕೆಟ್’ ಎಂದು ಎರಡು ಶಬ್ದಗಳಾಗಿ ಇರಬೇಕಾದುದು ಅಚ್ಚಿನಲ್ಲಿ ಒಂದಾಗಿ ಕೂಡಿಹೋಯಿತು. ನಡುವಣ ಒಂದು ಸ್ವರಾಕ್ಷರವೂ ವ್ಯತ್ಯಾಸವಾಯಿತು. ಫಲವಾಗಿ ‘ಅಬೊಕಾಕೆಟ್’ ಎಂಬ ಹೊಸ ರೂಪವು ಉಂಟಾಯಿತು. ಗ್ರಾಫ್ಟನನು 1569ರಲ್ಲಿ ತನ್ನದೇ ಚರಿತ್ರಗ್ರಂಥವನ್ನು ಹೊರಡಿಸಿದಾಗ ಇದೇ ರೂಪವನ್ನು ಎತ್ತಿಕೊಂಡನು. ರಫೇಲ್ ಹಾಲಿನ್‌ಷೆಡ್ ಎಂಬವನು 1577ರ ತನ್ನ ಪ್ರಸಿದ್ಧವಾದ ಚರಿತ್ರಗ್ರಂಥದಲ್ಲಿ ಕಡೆಯ ಭಾಗವನ್ನು ಬಿಟ್ಟು ‘ಅಬೊಕಾಕ್’ ಎಂದು ಮಾಡಿದನು. ಆ ಗ್ರಂಥದ ಎರಡನೆಯ ಮುದ್ರಣವು 1587ರಲ್ಲಿ ಹೊರಬಂದಿತು. ಅದನ್ನು ಪರಿಷ್ಕರಿಸಿದವರಲ್ಲಿ ಒಬ್ಬನಾದ ಏಬ್ರಹಾಂ ಫ್ಲೆಮಿಂಗನು ಅಪರಿಚಿತವಾದ ಈ ರೂಪವನ್ನು ತಿದ್ದಿ ‘ಅಬಕಾಟ್’ ಎಂದು ನಿಲ್ಲಿಸಿದನು. ಮುದ್ರಕನ ಕೈತಪ್ಪಿನಿಂದ ಆರಂಭವಾದುದು ಪಂಡಿತನ ಸಂಸ್ಕಾರದಿಂದ ಮುಕ್ತಾಯವಾಯಿತು. ಮೊದಲನೆಯ ತಪ್ಪು ಅನವಧಾನದಿಂದ ಆದುದು. ಕಡೆಯದು ವಿದ್ವತ್ತೆಯ ವೇಷದಲ್ಲಿ ಬಂದುದು. ಗುರುತುಸಿಕ್ಕುವಂತಿದ್ದ ರೂಪವು ಈ ತಿದ್ದುಪಡಿಯಿಂದ ಗುರುತುಸಿಕ್ಕದಂತಾಯಿತು.

ಇದಾದಮೇಲೆ ಶಬ್ದವು ಚರಿತ್ರಗ್ರಂಥಗಳಿಂದ ಕೋಶಗಳಿಗೆ ದಾಟಿತು. ರಿಚರ್ಡ್ ಬೇಕರನು 1643ರ ತನ್ನ ರಾಜಚರಿತ್ರೆಯಲ್ಲಿ ಇದನ್ನು ಬಳಸಿದನು. ಪುರಾತನ ನ್ಯಾಯಶಬ್ದಗಳನ್ನೂ ಆಚಾರಶಬ್ದಗಳನ್ನೂ ವಿವರಿಸುವುದರಲ್ಲಿ ಪ್ರಮಾಣಪುರುಷನೆನಿಸಿದ್ದ ಹೆನ್ರಿ ಸ್ಪೆಲ್‌ಮನ್ ತನ್ನ ಶಬ್ದಕೋಶದಲ್ಲಿ ಇದಕ್ಕೆ ಸ್ಥಳಕೊಟ್ಟನು. ಮಿಲ್ಟನ್ ಕವಿಯ ಸೋದರಳಿಯನಾದ ಎಡ್ವರ್ಡ್ ಫಿಲಿಪ್ಸನ ನಿಘಂಟು, 18ನೆಯ ಶತಮಾನದಲ್ಲಿ ಬಹಳ ಪ್ರಚಾರದಲ್ಲಿದ್ದ ನೇಥನ್ ಬೈಲಿಯ ನಿಘಂಟು, 1775ರ ಜಾನ್ ಆಷನ ನಿಘಂಟು, ಜಾನ್ಸನ್ ಪಂಡಿತನ ಮಹಾನಿಘಂಟನ್ನು ವಿಸ್ತರಿಸಿ 1818ರಲ್ಲಿ ಪ್ರಕಟಿಸಿದ ಟಾಡನ ಆವೃತ್ತಿ, ಹೀಗೆ ಒಂದರ ಕೈಯಿಂದ ಇನ್ನೊಂದರ ಕೈಗೆ ಶಬ್ದವು ಸಾಗಿತು. ಕುರುಡನ ಕೈಯನ್ನು ಕುರುಡನು ಹಿಡಿದು ನಡೆಯುವುದನ್ನು ಶಾಸ್ತ್ರಕಾರರು ಅಂಧಪರಂಪರಾನ್ಯಾಯವೆಂದು ಕರೆಯುತ್ತಾರೆ. ಇಲ್ಲಿ ನಡೆದುದಾದರೋ ಅದೇ. ವ್ಯತ್ಯಾಸವಿಷ್ಟೆ: ಇಲ್ಲಿ ಕೈಹಿಡಿದವರಾರೂ ವಾಸ್ತವದಲ್ಲಿ ಕುರುಡರಲ್ಲ. ಪ್ರತಿಯೊಬ್ಬರೂ ಸಮರ್ಥರಾದ ವಿದ್ವಾಂಸರೇ. ಮುಂದಿನವನು ನೋಡಿಯೇ ನಡೆದಿರಬೇಕೆಂಬ ನಂಬಿಕೆಯಿಂದ ಹಿಂದಿನವನು ಕಣ್ಣುಮುಚ್ಚಿಕೊಂಡನು. ಸ್ಪೆಲ್‌ಮನ್ ಪಂಡಿತನಂತಹವನ ಹೆಸರು ಸೇರಿದಮೇಲೆ ಸಂಶಯಕ್ಕೆ ಎಡೆಯೇ ಇಲ್ಲದಂತಾಯಿತು. ಐದು ಗ್ರಂಥಗಳಲ್ಲಿ ಇರುವುದೆಂದರೆ ಐದು ಸಾಕ್ಷಿಗಳು ಇವೆಯೆಂದು ಓದುವವನಿಗೆ ತೋರುವುದು ಸಹಜ. ಆದರೆ ಒಂದನ್ನು ನೋಡಿ ಒಂದನ್ನು ಬರೆದ ಐದು ಗ್ರಂಥಗಳು ಸೇರಿ ಒಂದೇ ಸಾಕ್ಷಿಯಾಗುತ್ತವೆ. ಆ ಒಂದು ಸಾಕ್ಷಿಯೂ ಇಲ್ಲಿ ಅಚ್ಚಿನ ತಪ್ಪು.

ರೂಪಕ್ಕಿಂತಲೂ ಅರ್ಥದಲ್ಲಿ ಉಂಟಾದ ವಿಕಾರವು ಹೆಚ್ಚು ವಿಚಾರಾರ್ಹವಾದುದು. ಎರಡು ಕಿರೀಟಗಳಿಂದ ಅಲಂಕೃತವಾಗಿದ್ದುದು ಹೆಕ್ಸಂ ಯುದ್ಧದ ಪ್ರಸಂಗದಲ್ಲಿ ಹೇಳಿದ ಒಬ್ಬ ಅರಸನ ಒಂದು ಟೋಪಿ. ಶಬ್ದದ ಬೇರೆ ಪ್ರಯೋಗವಾವುದೂ ದೊರೆಯದ ನಿಘಂಟುಕಾರರು ಈ ಒಂದು ವರ್ಣನೆಯಿಂದಲೇ ಲಕ್ಷಣವನ್ನು ಕಲ್ಪಿಸಬೇಕಾಯಿತು. ಆದುದರಿಂದ ಒಂದು ವ್ಯಕ್ತಿಯ ವಿಶೇಷಣವು ಇಡೀ ಜಾತಿಯ ಲಕ್ಷಣವಾಗಿ ಪರಿಣಮಿಸಿತು. ಕಿರೀಟಗಳಿಂದ ಅಲಂಕೃತವಾದ ಟೋಪಿಯು ಕಿರೀಟಗಳ ಆಕಾರದ ಟೋಪಿಯಾಯಿತು. ಆರನೆಯ ಹೆನ್ರಿಯು ಇಟ್ಟುಕೊಂಡದ್ದು ಆಂಗ್ಲ ಅರಸರೆಲ್ಲರೂ ಇಟ್ಟುಕೊಳ್ಳುತ್ತಿದ್ದ ಲಾಂಛನವಾಯಿತು. ಹೀಗೆ ಇಲ್ಲದ ಶಬ್ದವೊಂದು ತನ್ನ ಸಂಗಡ ಇಲ್ಲದ ರಾಜಾಚಾರವೊಂದನ್ನೂ ಹುಟ್ಟಿಸಿತು. ನಿಘಂಟನ್ನು ನಂಬಿ ಚರಿತ್ರೆಯನ್ನು ಬರೆಯಹೊರಡುವವನಿಗೆ, ನಾಟಕದ ವೇಷಭೂಷಣಗಳನ್ನು ನಿರ್ಣಯಿಸುವವನಿಗೆ, ಪ್ರಾಚೀನ ಕಾವ್ಯವನ್ನು ಪಾಠಹೇಳುವವನಿಗೆ ಇದರಿಂದ ಆಗುವ ಹಾನಿಯು ಕಾಗುಣಿತದ ತಪ್ಪಿನಿಂದಾಗುವ ಹಾನಿಗಿಂತ ಬಹಳ ದೊಡ್ಡದು. ಶಾಸ್ತ್ರಗಳಲ್ಲಿ ಇಲ್ಲದ ವಸ್ತುವಿಗೆ ಗಗನಕುಸುಮವನ್ನು ಉದಾಹರಿಸುವುದುಂಟು. ಅಲ್ಲಿ ಶಬ್ದವುಂಟು, ವಸ್ತುವಿಲ್ಲ. ‘ಅಬಕಾಟ್’ ಎಂಬಲ್ಲಿಯಾದರೋ ಮೂಲದಲ್ಲಿ ವಸ್ತುವುಂಟು, ಶಬ್ದವಿಲ್ಲ; ಇಲ್ಲದ ಶಬ್ದವು ಇದ್ದ ವಸ್ತುವನ್ನು ಸಹ ಮರೆಮಾಡಿ ಇನ್ನೊಂದನ್ನು ಅದರ ಸ್ಥಾನದಲ್ಲಿ ಕೂರಿಸಿತು.

ಹಿಂದಿನ ‘ಎ’ಕಾರವು ನಾಮಪದಕ್ಕೆ ಅಂಟಿಕೊಂಡುದೇ ದೋಷವೆಂದು ಹೇಳಿದರೆ ಒಂದು ಆಕ್ಷೇಪವು ಬರಬಹುದು. ಆಂಗ್ಲಭಾಷೆಯಲ್ಲಿ ಇಂತಹ ತಪ್ಪು ಪದಚ್ಛೇದದಿಂದ ಹುಟ್ಟಿದ ಸಾಧುಶಬ್ದಗಳು ಹಲವು ಇವೆ. ಹಾವಿನ ಒಂದು ಜಾತಿಗೆ ಹೆಸರಾದ ‘ಆಡರ್’ ಎಂಬುದು ಮೊದಲು ‘ನಾಡರ್’ ಎಂದಿದ್ದಿತು. ‘ಎ ನಾಡರ್’ ಎಂದು ಹೇಳುವುದನ್ನು ಜನರು ‘ಆನ್ ಆಡರ್’ ಎಂದು ಬಿಡಿಸಿಕೊಂಡರು. ಅಡಿಗೆಮನೆಯ ‘ಏಪ್ರನ್’ ಮೊದಲು ‘ನೇಪ್ರನ್’ ಆಗಿದ್ದಿತು. ಇದಕ್ಕೆ ವಿಪರೀತವಾಗಿ, ಹಲ್ಲಿಯನ್ನು ಹೋಲುವ ‘ಯೂಟ್’ ಎಂಬ ಜಲಪ್ರಾಣಿಯು ‘ಆನ್’ ಎಂಬುದರ ನಕಾರವನ್ನು ಸೆಳೆದುಕೊಂಡು ‘ನ್ಯೂಟ್’ ಆಯಿತು. ಹೆಚ್ಚಿನ ಹೆಸರು ಎಂಬ ಅರ್ಥದ ‘ಈಕ್‌ನೇಮ್’ ಅದೇ ರೀತಿಯಲ್ಲಿ ಅಡ್ಡಹೆಸರಿಗೆ ವಾಚಕವಾದ ‘ನಿಕ್‌ನೇಮ್’ ಆಯಿತು. ಸಂಸ್ಕೃತದ ‘ನಾರಂಗ’ ಶಬ್ದವು ಪಾರಸಿ ಅರಬ್ಬಿಗಳ ಮೂಲಕ ಯೂರೋಪಿಗೆ ಹೋಗಿ, ಆಂಗ್ಲಭಾಷೆಯನ್ನು ಸೇರುವುದಕ್ಕೆ ಮುಂಚೆಯೇ ತನ್ನ ಮೊದಲ ನಕಾರವನ್ನು ಕಳೆದುಕೊಂಡು ‘ಆರೆಂಜ್’ ಆದುದೂ ಇದಕ್ಕೆ ಸಮೀಪವಾದ ಉದಾಹರಣೆಯೇ. ಇವೆಲ್ಲ ಸಾಧುವಾದರೆ ‘ಅಬಕಾಟ್’ ಮಾತ್ರ ಏಕೆ ಅಸಾಧು ಎಂಬುದು ಆಕ್ಷೇಪ.

ಸಮಾಧಾನವೆಂತೆಂದರೆ, ‘ಆಡರ್’ ಮೊದಲಾದವು ಜನರ ಬಾಯಲ್ಲಿ ಬದಲಾದವು. ಹಳ್ಳಿಯವನು ಹಾವನ್ನು ಕಂಡಾಗ ಹಾಗೆಯೇ ಕೂಗಿದನು; ಕೇಳಿದವನಿಗೆ ಅರ್ಥವಾಯಿತು. ಹೇಳುವವನೂ ಕೇಳುವವನೂ ಒಪ್ಪಿದಮೇಲೆ ಅದು ಭಾಷೆಯ ಬದಲಾವಣೆಯೇ ಹೊರತು ತಪ್ಪಲ್ಲ. ‘ಅಬಕಾಟ್’ ಬದಲಾದುದು ಕಾಗದದ ಮೇಲೆ. ಅದನ್ನು ಕೇಳಿ ಟೋಪಿಯನ್ನು ತಂದುಕೊಟ್ಟ ಸೇವಕನಿಲ್ಲ. ಆ ಹೆಸರಿನಿಂದ ಟೋಪಿಯನ್ನು ಮಾರಿದ ವರ್ತಕನಿಲ್ಲ. ಗ್ರಂಥವನ್ನು ನೋಡಿ ಗ್ರಂಥವನ್ನು ಬರೆದವರ ಹೊರತು ಅದಕ್ಕೆ ಬೇರೆ ಆಶ್ರಯವೇ ಇರಲಿಲ್ಲ. ವೈಯಾಕರಣರಿಗೆ ಪ್ರಯೋಗವೇ ಶರಣೆಂದು ಪೂರ್ವಿಕರು ಹೇಳುತ್ತಿದ್ದ ಮಾತು ನಿಘಂಟುಕಾರರಿಗೂ ಸಲ್ಲುತ್ತದೆ.

ಮರೆ ಪಂಡಿತರಿಗೆ ಸತ್ಯವು ಗೋಚರವಾದುದು ಈ ಮಾರ್ಗದಿಂದಲೇ. ಲಂಡನ್ನಿನ ಭಾಷಾಶಾಸ್ತ್ರ ಸಂಘವು 1857ರಿಂದ ಆಲೋಚಿಸುತ್ತ ಬಂದಿದ್ದ, ಮುಂದೆ ಆಕ್ಸ್‌ಫರ್ಡ್ ನಿಘಂಟೆಂದು ಪ್ರಸಿದ್ಧವಾದ ಮಹಾಕೋಶದ ಸಂಪಾದಕತ್ವವನ್ನು ಅವರು 1879ರಲ್ಲಿ ವಹಿಸಿಕೊಂಡರು. ಪ್ರತಿಯೊಂದು ಶಬ್ದಕ್ಕೂ ಅದು ಮೊದಲು ಕಾಣಿಸಿಕೊಂಡ ಕಾಲದಿಂದ ಆರಂಭಿಸಿ ಪ್ರಯೋಗವಾಕ್ಯಗಳನ್ನು ವರ್ಷಗಳೊಡನೆ ಕೊಡಬೇಕೆಂಬುದು ಆ ಕೋಶದ ನಿಯಮ. ಇದಕ್ಕಾಗಿ ನೂರಾರು ಮಂದಿ ಓದುಗರು ಗ್ರಂಥಗಳನ್ನು ಓದಿ, ಒಂದೊಂದು ವಾಕ್ಯವನ್ನು ಒಂದೊಂದು ಚೀಟಿಯ ಮೇಲೆ ಬರೆದು ಕಳುಹಿಸುತ್ತಿದ್ದರು. 1884ರಲ್ಲಿ ಮೊದಲ ಸಂಚಿಕೆಯು ಹೊರಬಂದು 1928ರಲ್ಲಿ ಕೋಶವು ಪೂರ್ಣವಾಗುವ ವೇಳೆಗೆ ಅದರಲ್ಲಿ ಅಚ್ಚಾಗಿದ್ದ ಪ್ರಯೋಗವಾಕ್ಯಗಳು ಹದಿನೆಂಟು ಲಕ್ಷಕ್ಕಿಂತ ಹೆಚ್ಚು. ‘ಅಬಕಾಟ್’ ಅಕ್ಷರಕ್ರಮದಲ್ಲಿ ಮೊದಲೇ ಬರುವುದರಿಂದ ಕಾರ್ಯಾರಂಭದಲ್ಲಿಯೇ ಅದರ ಪರೀಕ್ಷೆಯು ನಡೆಯಬೇಕಾಯಿತು. ಪ್ರಯೋಗಗಳನ್ನು ಕಾಲಕ್ರಮದಿಂದ ಹಿಂದುಹಿಂದಕ್ಕೆ ಇಟ್ಟು ನೋಡಿದಾಗ, ಪ್ರತಿಯೊಂದು ಗ್ರಂಥವೂ ತನಗಿಂತ ಹಿಂದಿನ ಗ್ರಂಥದ ಕಡೆಗೆ ಬೆರಳು ತೋರಿಸಿತು. ಎಲ್ಲವೂ ಹಾಲನ ಗ್ರಂಥದ ಆ ಒಂದು ಸ್ಥಳಕ್ಕೆ ಬಂದು ನಿಂತವು. ಮುಂದೆ ಆಕ್ಸ್‌ಫರ್ಡ್ ನಿಘಂಟಿನಲ್ಲಿ ‘ಬೈಕಾಕೆಟ್’ ಶಬ್ದದ ಕೆಳಗೆ ಈ ಸ್ಖಲನಪರಂಪರೆಯನ್ನು ಸಂಗ್ರಹವಾಗಿ ವಿವರಿಸಲಾಯಿತು.

ಇಂತಹ ಶಬ್ದಗಳಿಗೆ ಒಂದು ಹೆಸರನ್ನು ಕೊಟ್ಟವರು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಾಲ್ಟರ್ ಸ್ಕೀಟ್ ಪಂಡಿತರು. 1886ರಲ್ಲಿ ಭಾಷಾಶಾಸ್ತ್ರ ಸಂಘದ ಮುಂದೆ ಮಾಡಿದ ಭಾಷಣದಲ್ಲಿ, ಲಿಪಿಕಾರರ, ಮುದ್ರಕರ ಮತ್ತು ಸಂಪಾದಕರ ಪ್ರಮಾದದಿಂದ ಮಾತ್ರ ಹುಟ್ಟಿ ಭಾಷೆಯಲ್ಲಿ ನಿಜವಾದ ಸತ್ತೆಯಿಲ್ಲದವುಗಳನ್ನು ಅವರು ‘ಘೋಸ್ಟ್‌ವರ್ಡ್’ಗಳೆಂದು ಕರೆದರು. ಕನ್ನಡದಲ್ಲಿ ಪ್ರೇತಶಬ್ದಗಳೆನ್ನಬಹುದು, ಆದರೆ ಪ್ರೇತವು ಒಮ್ಮೆ ಬದುಕಿದ್ದು ಸತ್ತುದು, ಇವಾದರೋ ಎಂದೂ ಬದುಕಿದವುಗಳಲ್ಲವೆಂಬುದನ್ನು ನೆನಪಿಡಬೇಕು. ಸ್ಕೀಟರ ಉದಾಹರಣೆಗಳಲ್ಲಿ ಒಂದು ಭಾರತಕ್ಕೆ ಸಂಬಂಧಿಸಿದೆ. ‘ಎಡಿನ್‌ಬರೊ ರಿವ್ಯೂ’ ಪತ್ರಿಕೆಯಲ್ಲಿ 1808ರಲ್ಲಿ ಹಿಂದೂಗಳ ದೇಹದಂಡನೆಯ ಆಚಾರಗಳನ್ನು ವರ್ಣಿಸುವ ಸ್ಥಳದಲ್ಲಿ, ಕೆಲವರು ತಮ್ಮ ಕೈಗಳಿಗೆ ‘ಕೈಮ್ಸ್’ಗಳನ್ನು ಚುಚ್ಚಿಕೊಳ್ಳುತ್ತಾರೆಂದು ಅಚ್ಚಾಗಿದ್ದಿತು. ಅದೇನೋ ಭೀಕರವಾದ ಆಯುಧವಿರಬೇಕೆಂದು ಓದುವವರು ಊಹಿಸಿಕೊಳ್ಳುವಂತಿತ್ತು. ವಾಸ್ತವದಲ್ಲಿ ಅದು ಕತ್ತಿಗಳೆಂಬ ಅರ್ಥದ ‘ನೈವ್ಸ್’ ಎಂಬುದರ ಅಚ್ಚಿನ ತಪ್ಪು. ಸರ್ ವಾಲ್ಟರ್ ಸ್ಕಾಟನ 1820ರ ‘ದಿ ಮೊನಾಸ್ಟರಿ’ ಎಂಬ ಕಾದಂಬರಿಯಲ್ಲಿ, ಮನಸ್ಸಿನಲ್ಲಿ ಪೋಷಿಸು ಎಂಬ ಅರ್ಥದ ‘ನರ್ಸ್’ ಎಂಬುದು ‘ಮೋರ್ಸ್’ ಎಂದು ಅಚ್ಚಾಗಿದ್ದಿತು. ಅಲ್ಲಿ ತಪ್ಪಿದೆಯೆಂದು ಶಂಕಿಸದೆ, ಲ್ಯಾಟಿನ್ ಭಾಷೆಯ ಕಚ್ಚು ಎಂಬ ಅರ್ಥದ ಧಾತುವಿನಿಂದ ಅದನ್ನು ಸಾಧಿಸಿದವರೂ ಇದ್ದರು. ವ್ಯುತ್ಪತ್ತಿಯು ದೊರೆತುದರಿಂದಲೇ ಶಬ್ದವು ಇದೆಯೆಂದು ಹೇಳಲಾಗದೆಂಬುದಕ್ಕೆ ಇದು ಸಾಕ್ಷಿ. ಪಾಂಡಿತ್ಯವಿದ್ದರೆ ಯಾವ ಅಕ್ಷರಸಮೂಹಕ್ಕೂ ಒಂದು ಧಾತುವನ್ನು ಹುಡುಕಬಹುದು.

ಚೀಟಿಗಳ ಕ್ರಮವು ಬಂದುದರಿಂದ ಇಂತಹ ಪ್ರಮಾದವು ನಿಂತುಹೋಯಿತೆಂದು ತಿಳಿಯುವಂತಿಲ್ಲ. ಅಮೆರಿಕದ ವೆಬ್‌ಸ್ಟರ್ ಮಹಾನಿಘಂಟಿನ 1934ರ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ ಶಬ್ದವಿದ್ದಿತು. ಭೌತ ಮತ್ತು ರಸಾಯನ ಶಾಸ್ತ್ರಗಳಲ್ಲಿ ಸಾಂದ್ರತೆ ಎಂದು ಅದಕ್ಕೆ ಅರ್ಥ ಕೊಟ್ಟಿದ್ದಿತು. ಸಾಂದ್ರತೆಯನ್ನು ದೊಡ್ಡಕ್ಷರದ ‘ಡಿ’ಯಿಂದಾಗಲಿ ಚಿಕ್ಕಕ್ಷರದ ‘ಡಿ’ಯಿಂದಾಗಲಿ ಸೂಚಿಸಬಹುದೆಂದು ತಿಳಿಸುವ ಚೀಟಿಯೊಂದನ್ನು ರಸಾಯನಶಾಸ್ತ್ರದ ಸಂಪಾದಕರು 1931ರಲ್ಲಿ ಸಂಕ್ಷೇಪಾಕ್ಷರಗಳ ಪಟ್ಟಿಗಾಗಿ ಬರೆದಿದ್ದರು. ‘ಡಿ ಆರ್ ಡಿ’ ಎಂದಿದ್ದುದರಲ್ಲಿ ‘ಅಥವಾ’ ಎಂಬ ಅರ್ಥದ ‘ಆರ್’ ಎಂಬುದು ಎರಡು ಅಕ್ಷರಗಳ ನಡುವೆ ಸೇರಿ ಒಂದೇ ಶಬ್ದದಂತೆ ಕಂಡಿತು. ಚೀಟಿಯು ಶಬ್ದಗಳ ರಾಶಿಗೆ ಹೋಯಿತು. ಉಚ್ಚಾರಣೆಯನ್ನೂ ಯಾರೋ ಸೇರಿಸಿದರು. 1939ರ ಫೆಬ್ರುವರಿ 28ರಂದು ಒಬ್ಬ ಸಂಪಾದಕರು ಅದಕ್ಕೆ ವ್ಯುತ್ಪತ್ತಿಯಿಲ್ಲದಿರುವುದನ್ನು ಗಮನಿಸಿ ಪರೀಕ್ಷಿಸಿದಾಗ ನಿಜವು ಹೊರಬಿದ್ದಿತು. ಮುಂದಿನ ಮುದ್ರಣಗಳಲ್ಲಿ ಅದನ್ನು ತೆಗೆದುಹಾಕಿದರು. ಪ್ರಯೋಗವಾಕ್ಯವೊಂದನ್ನು ಕೇಳಿದ್ದರೆ ಆರಂಭದಲ್ಲಿಯೇ ಅದು ಬಿದ್ದುಹೋಗುತ್ತಿತ್ತು.

ಈ ವಿಚಾರದಲ್ಲಿ ಇನ್ನೊಂದು ಮುಖವೂ ಉಂಟು. ಪ್ರಮಾದದಿಂದ ಹುಟ್ಟಿದುದೆಲ್ಲ ಪ್ರೇತಶಬ್ದವಾಗಿಯೇ ಉಳಿಯಬೇಕೆಂಬ ನಿಯಮವಿಲ್ಲ. ವಿದ್ಯಾಶಾಲೆಗಳಲ್ಲಿ ಪ್ರತಿದಿನವೂ ಕೇಳಿಬರುವ ‘ಸಿಲಬಸ್’ ಶಬ್ದವೇ ಇದಕ್ಕೆ ದೃಷ್ಟಾಂತ. ರೋಮಿನ ಸಿಸೆರೊ ತನ್ನ ಮಿತ್ರನಾದ ಆಟಿಕಸನಿಗೆ ಬರೆದ ಪತ್ರಗಳಲ್ಲಿ, ಗ್ರಂಥದ ಸುರುಳಿಗಳಿಗೆ ಅಂಟಿಸುವ ಹೆಸರಿನ ಪಟ್ಟಿಗಳನ್ನು ‘ಸಿಟ್ಟಿಬಾ’ ಎಂಬ ಗ್ರೀಕ್ ಶಬ್ದದಿಂದ ಕರೆದಿದ್ದನು. 15ನೆಯ ಶತಮಾನದ ಮುದ್ರಿತ ಪ್ರತಿಗಳಲ್ಲಿ ಈ ಶಬ್ದವು ‘ಸಿಲ್ಲಬೋಸ್’ ಎಂದು ತಪ್ಪಾಗಿ ಅಚ್ಚಾಯಿತು. ಅದರಿಂದ ‘ಸಿಲಬಸ್’ ಎಂಬ ಏಕವಚನವನ್ನು ಕಲ್ಪಿಸಿಕೊಂಡರು. ಗ್ರೀಕ್ ಧಾತುವೊಂದನ್ನು ಹುಡುಕಿ ವ್ಯುತ್ಪತ್ತಿಯನ್ನೂ ಕೂಡಿಸಿದರು. ಲ್ಯಾಟಿನ್ನಿನಲ್ಲಿ ಎಂದೂ ಇಲ್ಲದ ಶಬ್ದಕ್ಕೆ ಲ್ಯಾಟಿನ್ ರೀತಿಯ ‘ಸಿಲಬೈ’ ಎಂಬ ಬಹುವಚನವನ್ನೂ ಮಾಡಿದರು. 17ನೆಯ ಶತಮಾನದಲ್ಲಿ ಅದು ಆಂಗ್ಲಭಾಷೆಯನ್ನು ಪ್ರವೇಶಿಸಿತು. ಹುಟ್ಟಿನಲ್ಲಿ ಇದಕ್ಕೂ ‘ಅಬಕಾಟ್’ ಎಂಬುದಕ್ಕೂ ಭೇದವಿಲ್ಲ. ಎರಡೂ ಅಚ್ಚಿನ ತಪ್ಪಿನಿಂದ ಬಂದವು. ಎರಡಕ್ಕೂ ಪಂಡಿತರು ಉಪಚಾರ ಮಾಡಿದರು. ಆದರೆ ‘ಸಿಲಬಸ್’ ಶಬ್ದಕ್ಕೆ ಅದನ್ನು ಬೇಕೆಂದು ಕೇಳುವವರು ದೊರೆತರು. ಪಾಠಗಳ ಪಟ್ಟಿಯನ್ನು ಹೇಳುವುದಕ್ಕೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದನ್ನು ಆಡಿದರು, ಬರೆದರು. ಕೇಳುವವರಿಲ್ಲದ ‘ಅಬಕಾಟ್’ ಸಂಪುಟಗಳಲ್ಲಿಯೇ ಉಳಿಯಿತು. ಜನ್ಮಶುದ್ಧಿಯಿಂದ ಶಬ್ದವು ಸಾಧುವಾಗುವುದಿಲ್ಲ, ಬಳಕೆಯಿಂದ ಆಗುತ್ತದೆ.

ಕನ್ನಡ ವಿದ್ವಾಂಸರಿಗೂ ಈ ವೃತ್ತಾಂತವು ಅನ್ಯವಾದುದಲ್ಲ. ತಾಳೆಯೋಲೆಯ ಪ್ರತಿಗಳಲ್ಲಿ ಶಬ್ದಗಳನ್ನು ಬಿಡಿಸದೆ ಸಾಲಾಗಿ ಬರೆದಿರುತ್ತದೆ. ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಆರಂಭವಾಗುತ್ತದೆಂಬುದನ್ನು ಪರಿಷ್ಕರ್ತನು ತಾನೇ ನಿರ್ಣಯಿಸಬೇಕು. ಪಕಾರ ವಕಾರಗಳಂತೆ ಒಂದನ್ನೊಂದು ಹೋಲುವ ಅಕ್ಷರಗಳು ಸವೆದ ಓಲೆಯಲ್ಲಿ ಮೋಸಗೊಳಿಸುತ್ತವೆ. ಹಾಲನ ಮುದ್ರಕನು ಎಡವಿದ ಎರಡು ಸ್ಥಳಗಳೂ ಇವೇ ಆಗಿವೆ. ಅಪಪಾಠವು ಒಮ್ಮೆ ಅಚ್ಚಾಗಿ, ಅದಕ್ಕೆ ಸಂದರ್ಭದಿಂದ ಅರ್ಥವನ್ನು ಊಹಿಸಿ, ಊಹೆಯು ನಿಘಂಟನ್ನು ಸೇರಿದರೆ, ಮುಂದಿನವರು ನಿಘಂಟಿನ ಬಲದಿಂದಲೇ ಆ ಪಾಠವನ್ನು ಸಮರ್ಥಿಸುತ್ತಾರೆ. ಇಂತಹ ಚಕ್ರವನ್ನು ಮುರಿಯುವ ಸಾಧನವು ಪ್ರಯೋಗಸ್ಥಳದ ನಿರ್ದೇಶವೊಂದೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಪಂಡಿತರ ಕೋಶವು ಆಕರಗಳನ್ನು ಸಂಕೇತಗಳಿಂದ ಸೂಚಿಸಿತು. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟು ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗವಾಕ್ಯಗಳನ್ನು ಎತ್ತಿಕೊಟ್ಟಿತು. ಉದಾಹರಣೆಗಳಿಂದ ಪುಟಗಳು ತುಂಬುತ್ತವೆಂದು ಓದುವವನಿಗೆ ಬೇಸರವಾಗಬಹುದು. ಆದರೆ ಆ ಉದಾಹರಣೆಗಳೇ ಶಬ್ದದ ಜೀವನದ ಸಾಕ್ಷಿಗಳು. ಸಾಕ್ಷಿಯನ್ನು ಸ್ಥಳಸಮೇತ ಮುಂದಿಟ್ಟರೆ ತಪ್ಪಿದ್ದಲ್ಲಿ ಮುಂದಿನವನು ಕಂಡುಹಿಡಿಯಬಲ್ಲನು.

ಆದುದರಿಂದ ಅಪರೂಪವಾದ ಶಬ್ದವೊಂದು ಎದುರಾದಾಗ, ಅದರ ಅರ್ಥವೇನು ಎಂಬುದಕ್ಕೆ ಮೊದಲು ಅದನ್ನು ಯಾರು, ಎಲ್ಲಿ, ಯಾವ ಕಾಲದಲ್ಲಿ ಬಳಸಿದರೆಂದು ಕೇಳುವುದು ಉಚಿತ. ಎಷ್ಟು ನಿಘಂಟುಗಳಲ್ಲಿ ಇದೆಯೆಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಅವುಗಳಲ್ಲಿ ಎಷ್ಟು ಪರಸ್ಪರ ಸ್ವತಂತ್ರವೆಂಬುದನ್ನು ನೋಡಬೇಕು. ಹಾಲನ ಗ್ರಂಥವನ್ನೂ ಬೈಕಾಕೆಟ್ ಶಬ್ದದ ಹಳೆಯ ಪ್ರಯೋಗಗಳನ್ನೂ ಪಕ್ಕದಲ್ಲಿಟ್ಟು ನೋಡುವ ಶ್ರಮವನ್ನು ಒಬ್ಬ ನಿಘಂಟುಕಾರನಾದರೂ ವಹಿಸಿದ್ದರೆ, ಆಂಗ್ಲ ಅರಸರ ತಲೆಯ ಮೇಲೆ ಅವರು ಕಾಣದ ಟೋಪಿಯು ಅಷ್ಟು ಕಾಲ ನಿಲ್ಲುತ್ತಿರಲಿಲ್ಲ.